ಫೋನಿಗೆ ಸಾಫ್ಟ್‌ವೇರ್‌ನ ಹಳೆಯ ಆವೃತ್ತಿ ವಾಪಸ್ ಹಾಕಿಸಬೇಕೇ?

ಪರ: ರೊಕ್ಕ ಕೊಟ್ಟವರು ನಾವು

ಅಪ್‌ಡೇಟ್ ಆದ ಮೇಲೆ ಫೋನು ನಿಧಾನವಾಯಿತು ಅಂದರೆ, ‘ಸುಮ್ನೆ ನಿಮಗೆ ಹಾಗನ್ನಿಸುತ್ತೆ’ ಅನ್ನುತ್ತಾರೆ. ಬರೀ ಅನ್ನಿಸಿಕೆ ಅಲ್ಲ. ಬ್ಯಾಟರಿ ಹಳತಾದ ಐಫೋನ್‌ಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದ್ದನ್ನು 2017ರ ಡಿಸೆಂಬರ್‌ನಲ್ಲಿ ಆಪಲ್ ತಾನೇ ಒಪ್ಪಿಕೊಂಡಿತು. ಮರುವರ್ಷ ಇಟಲಿಯಲ್ಲಿ ಆಪಲ್‌ಗೆ 1 ಕೋಟಿ ಯೂರೋ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ಬಿತ್ತು. ಅಪ್‌ಡೇಟ್ ಹಾಕಿಸಿದಿರಿ, ಫೋನನ್ನು ಮೊದಲಿನಂತೆ ಮಾಡಿಕೊಳ್ಳಲು ದಾರಿ ಕೊಡಲಿಲ್ಲ ಅನ್ನುವುದೂ ಆ ಆಕ್ಷೇಪದಲ್ಲಿತ್ತು. ನನ್ನ ವಾದವೂ ಅಷ್ಟೇ.

ತಿಕೋಟಾ ಹತ್ತಿರ ನಮ್ಮ ಕಾಕಾರ ದ್ರಾಕ್ಷಿ ತೋಟವಿದೆ. ಎಲೆಯ ಮೇಲೆ ಬೂದಿ ರೋಗ ಕಂಡರೆ ಫೋಟೋ ತೆಗೆದು ಔಷಧದ ಅಂಗಡಿಗೆ ಕಳಿಸುತ್ತಾರೆ. ಏನು ಹೊಡೆಯಬೇಕು ಅಂತ ಅಲ್ಲಿಂದ ಉತ್ತರ ಬರುತ್ತದೆ. ದೊಡ್ಡದೊಂದು ಅಪ್‌ಡೇಟ್ ಬಂದ ಮೇಲೆ, ಕ್ಯಾಮೆರಾ ಒತ್ತಿದರೆ ಪರದೆ ಕಪ್ಪಗೆ ನಿಂತುಬಿಡುತ್ತಿತ್ತು. ಎಡಗೈಯಲ್ಲಿ ಎಲೆ ಹಿಡಿದು, ಬಲಗೈ ಹೆಬ್ಬೆರಳಿನಿಂದ ಒತ್ತುತ್ತಾ ಬಿಸಿಲಲ್ಲಿ ನಿಂತಿರುತ್ತಿದ್ದರು. ವಿಜಯಪುರದ ರಿಪೇರಿ ಅಂಗಡಿಯಲ್ಲಿ ಅವರು ಕೇಳಿದ್ದು ಒಂದೇ: “ಮೊದ್ಲ ಹೆಂಗಿತ್ತು ಹಂಗ ಮಾಡಿ ಕೊಡ್ರಿ.” ಅಂಗಡಿಯ ಹುಡುಗ ಫೋಟೋಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡು ಹಳೆಯ ಸಾಫ್ಟ್‌ವೇರ್ ಹೊಡೆದುಕೊಟ್ಟ. ಕ್ಯಾಮೆರಾ ಒತ್ತಿದ ತಕ್ಷಣ ತೆರೆಯಿತು. ಹೊಸ ಫೋನಿನ ಖರ್ಚು ಉಳಿಯಿತು, ಆ ರೊಕ್ಕ ತೋಟಕ್ಕಾಯಿತು.

ಸೆಕ್ಯುರಿಟಿ ಹೋಗುತ್ತೆ ಅಂತ ಹೆದರಿಸುವವರಿದ್ದಾರೆ. ನಾನು ಕಂಡಂತೆ ಹಣ ಕಳೆದುಕೊಂಡವರೆಲ್ಲ ಒಟಿಪಿ ಹೇಳಿ ಕಳೆದುಕೊಂಡವರೇ. ಹೊಸ ಆವೃತ್ತಿ ಅವರನ್ನು ಕಾಪಾಡಿತಾ? ಆಪಲ್ ಅಂತೂ ಹೊಸದು ಬಂದ ಸ್ವಲ್ಪ ದಿನಕ್ಕೇ ಹಳೆಯ ಆವೃತ್ತಿಗೆ ಅನುಮತಿ ಕೊಡುವುದನ್ನೇ ನಿಲ್ಲಿಸುತ್ತದೆ. ಕೊಂಡವರಿಗೆ ಇಷ್ಟೂ ಹಕ್ಕು ಬೇಡವೇ?

ವಿರೋಧ: ಕೈ ಹಾಕುವ ಮೊದಲು ಯೋಚಿಸಿ

ಕಂಪನಿಗಳ ಹಟ ನನಗೂ ಹಿಡಿಸುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಹಳೆಯ ಆವೃತ್ತಿಗೆ ಹೋಗಬೇಡಿ. ಹೋಗುವಾಗ ಸಾಮಾನ್ಯವಾಗಿ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಹಲವು ಫೋನುಗಳಲ್ಲಿ ಬೂಟ್‌ಲೋಡರ್ (ಫೋನು ಆನ್ ಆಗುವಾಗ ಸಾಫ್ಟ್‌ವೇರನ್ನು ಶುರುಮಾಡುವ ಪ್ರೋಗ್ರಾಂ) ಅನ್‌ಲಾಕ್ ಮಾಡಬೇಕು, ಆಮೇಲೆ ಬ್ಯಾಂಕಿನ ಆಪ್ ತೆರೆಯದೆ ಹೋಗಬಹುದು. ಸಂತೆಯಲ್ಲಿ ಕಾಯಿಪಲ್ಲೆ ತೂಗಿಸಿಕೊಂಡ ಮೇಲೆ ಸ್ಕ್ಯಾನ್ ಆಗದಿದ್ದರೆ ಏನು ಮಾಡುತ್ತೀರಿ?

ದಾರಿ ಮುಚ್ಚುವುದಕ್ಕೂ ಕಾರಣವಿರುತ್ತದೆ. 2022ರಲ್ಲಿ ಆಂಡ್ರಾಯ್ಡ್ 13 ಹಾಕಿಕೊಂಡ ತನ್ನ ಪಿಕ್ಸೆಲ್ 6 ಫೋನು ಮತ್ತೆ ಆಂಡ್ರಾಯ್ಡ್ 12ಕ್ಕೆ ಮರಳದಂತೆ ಗೂಗಲ್ ತಡೆದದ್ದು ಹಳೆಯ ಬೂಟ್‌ಲೋಡರ್‌ನಲ್ಲಿದ್ದ ಸೆಕ್ಯುರಿಟಿ ದೋಷಕ್ಕಾಗಿ. ಹಳತೆಲ್ಲ ಚಿನ್ನ, ಹೊಸದೆಲ್ಲ ಮೋಸ ಅನ್ನುವವರು ಇದಕ್ಕೇನು ಹೇಳುತ್ತಾರೆ?

ಫೋನು ನಿಧಾನವಾಗಿದ್ದರೆ ಮೊದಲು ಸ್ಟೋರೇಜ್ ಖಾಲಿ ಮಾಡಿ. ಆಗಲಿಲ್ಲವೇ, ಬ್ಯಾಕಪ್ ತೆಗೆದುಕೊಂಡು ರೀಸೆಟ್ ಮಾಡಿ. ಅದೂ ಆಗದಿದ್ದರೆ ಬ್ಯಾಟರಿ ಬದಲಿಸಿ. ವೇಗ ತಗ್ಗಿದ್ದ ಐಫೋನ್‌ಗಳೂ ಹೊಸ ಬ್ಯಾಟರಿಯಿಂದಲೇ ಸರಿಹೋದವು.