ಗನ್ನು ನೋಡಿ ಮನೆ ಮಾಡು

ಹೋದ ಭಾನುವಾರ ರಾತ್ರಿ ಹನ್ನೊಂದೂವರೆಗೆ ನಮ್ಮ ಭಾವ ವಾಟ್ಸಾಪಲ್ಲಿ ಒಂದು ಎಕ್ಸೆಲ್ ಶೀಟ್ ಕಳಿಸಿದ್ರು. ಭಾವ ಅಂದ್ರೆ ಅಕ್ಕನ ಗಂಡ, ಮೂಲ ತಿಪಟೂರು, ನ್ಯೂಜೆರ್ಸಿಲಿ ಹದಿನಾಲ್ಕು ವರ್ಷ ಆಯ್ತು, ಈಗಷ್ಟೇ ಗ್ರೀನ್ ಕಾರ್ಡ್ ಕೈಗೆ ಬಂದಿದೆ. ಪ್ರಾಪರ್ಟಿ ಟ್ಯಾಕ್ಸ್ ಕಟ್ಟಿ ಕಟ್ಟಿ ಸಾಕಾಗಿದೆ, ಬೇರೆ ರಾಜ್ಯಕ್ಕೆ ಹೋಗ್ತೀವಿ ಅಂತ ವರ್ಷದಿಂದ ಹೇಳ್ತಾನೇ ಇದಾರೆ. ಶೀಟಲ್ಲಿ ಐವತ್ತು ಸಾಲು, ಐವತ್ತು ರಾಜ್ಯ. ಕಾಲಂಗಳು ನೋಡಿ: ಟ್ಯಾಕ್ಸು, ಸ್ಕೂಲು, ದೇವಸ್ಥಾನ ಎಷ್ಟು ಮೈಲಿ, ಅವರೇಕಾಳು ಸಿಗುತ್ತಾ ಇಲ್ವಾ. ಕೊನೇ ಕಾಲಂ, ಹಳದಿ ಬಣ್ಣ ಬಳಿದಿದ್ದು, ಗನ್ ಲಾ.

ನಾವಿಲ್ಲಿ ಸೈಟ್ ತಗೊಳೋವಾಗ ಕಾವೇರಿ ನೀರು ಬರುತ್ತಾ, ಎ ಖಾತಾನಾ ಬಿ ಖಾತಾನಾ ಅಂತ ಕೇಳ್ತೀವಿ. ಅಲ್ಲೂ ಖಾತಾ ಇದೆ ಸ್ವಾಮಿ. ಗಿಫರ್ಡ್ಸ್ ಅನ್ನೋ ಸಂಸ್ಥೆ ಪ್ರತಿ ರಾಜ್ಯಕ್ಕೂ ಗನ್ ಕಾನೂನು ಎಷ್ಟು ಬಿಗಿ ಅಂತ ನೋಡಿ ಎ ಇಂದ ಎಫ್ ತನಕ ಮಾರ್ಕ್ಸ್ ಕೊಡುತ್ತೆ. ಗನ್ಸ್ ಅಂಡ್ ಆಮ್ಮೋ ಅನ್ನೋ ಪತ್ರಿಕೆ ಅದೇ ಕಾನೂನು ಎಷ್ಟು ಸಡಿಲ ಅಂತ ನೋಡಿ ರ‍್ಯಾಂಕ್ ಕೊಡುತ್ತೆ. ಅರಿಝೋನ ಪತ್ರಿಕೆಯವರ ಲಿಸ್ಟಲ್ಲಿ ಎಷ್ಟೋ ವರ್ಷ ಫಸ್ಟ್ ರ‍್ಯಾಂಕ್, ಗಿಫರ್ಡ್ಸ್ ಲಿಸ್ಟಲ್ಲಿ ಫೇಲು. ಒಂದೇ ಹುಡುಗ, ಒಂದೇ ಆನ್ಸರ್ ಶೀಟು, ಇಬ್ಬರು ಮೇಷ್ಟ್ರು. ಭಾವ ಗಿಫರ್ಡ್ಸ್ ಗ್ರೇಡ್ ಹಾಕಿರೋ ಆ ಹಳದಿ ಕಾಲಮ್ಮನ್ನ, ಸಡಿಲ ಇರೋದು ಮೇಲೆ ಬರಲಿ ಅಂತ ಝಡ್ ಇಂದ ಎ ಗೆ ಸಾರ್ಟ್ ಮಾಡ್ತಾರೆ, ಅಕ್ಕ ಬಂದು ಬಿಗಿ ಇರೋದು ಮೇಲೆ ಬರಲಿ ಅಂತ ಎ ಇಂದ ಝಡ್ ಗೆ ಸಾರ್ಟ್ ಮಾಡಿ ಸೇವ್ ಮಾಡ್ತಾಳೆ. ಮೂರು ತಿಂಗಳಿಂದ ಆ ಮನೇಲಿ ನಡೀತಿರೋ ಸಂಸಾರ ಇಷ್ಟೇ.

ಭಾವಂಗೆ ಗನ್ ಯಾಕೆ ಅಂತ ಕೇಳಬೇಡಿ, ನಾನು ಕೇಳಿದೆ. "ಕೊಡಗಲ್ಲಿ ಮನೆಮನೇಲಿ ಕೋವಿ ಇಲ್ವಾ?" ಅಂದ್ರು. ಇದೆ, ಯಾರಿಲ್ಲ ಅಂದ್ರು. ಜಮ್ಮಾ ಅನ್ನೋ ವಂಶಪಾರಂಪರ್ಯದ ಜಮೀನಿರೋರಿಗೆ, ಕೊಡವರಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸ್ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರ ತನಕ ಮುಂದುವರಿಸ್ತು. ಕೈಲ್ ಪೊಳ್ದ್ ಹಬ್ಬದ ದಿನ ಕೋವಿ ಒರೆಸಿ, ತೋಕ್ ಪೂ ಅನ್ನೋ ಹೂ ಸಿಕ್ಕಿಸಿ, ಪೂಜೆ ಮಾಡ್ತಾರೆ, ಗಂಡು ಮಗು ಹುಟ್ಟಿದ್ರೆ ಒಂದು ಗುಂಡು, ಸಾವಾದ್ರೆ ಎರಡು. ಆದ್ರೆ ಭಾವ, ನೀವು ತಿಪಟೂರಿನೋರು. ನಿಮ್ಮ ವಂಶದ ಆಯುಧ ಅಂದ್ರೆ ಕಾಯಿ ಸುಲಿಯೋ ಕಬ್ಬಿಣ. ಅದಕ್ಕೂ ಆಯುಧಪೂಜೆ ದಿನ ಕುಂಕುಮ ಹಚ್ಚೋದು ನಿಮ್ಮ ತಂದೆ, ನೀವು ದೂರ ನಿಂತಿರ್ತಿದ್ರಿ, ಕಾಲ ಮೇಲೆ ಬಿದ್ರೆ ಅಂತ.

ಇರ್ಲಿ. ಶೀಟನ್ನ ಓದ್ತಾ ಹೋದಂಗೆ ನಿದ್ದೆ ಹಾರೋಯ್ತು. ಜಾರ್ಜಿಯಾದಲ್ಲಿ ಕೆನ್ನೆಸಾ ಅಂತ ಒಂದು ಊರಿದೆ, ಅಲ್ಲಿ 1982ರಲ್ಲಿ ಪ್ರತಿ ಮನೆ ಯಜಮಾನನೂ ಗನ್ ಇಟ್ಕೊಳ್ಳಲೇಬೇಕು ಅಂತ ಕಾನೂನು ಮಾಡಿದ್ರು, ಯಾಕಂದ್ರೆ ಹಿಂದಿನ ವರ್ಷ ಇಲಿನಾಯ್ಸ್‌ನ ಮಾರ್ಟನ್ ಗ್ರೋವ್ ಅನ್ನೋ ಊರು ಕೈಬಂದೂಕು ನಿಷೇಧ ಮಾಡಿತ್ತಂತೆ, ಅದಕ್ಕೆ ಜವಾಬು. ಎಷ್ಟೋ ದೂರದ ಊರಿನ ಮೇಲಿನ ಸಿಟ್ಟಿಗೆ ತಮ್ಮೂರೋರ ಕೈಗೆ ಬಂದೂಕು. ಬಂದೂಕು ಇಟ್ಕೊಳ್ಳದವರಿಗೆ ಶಿಕ್ಷೆ ಏನೂ ಆಗಿಲ್ಲ ಅನ್ನೋದು ಬೇರೆ ಮಾತು, ನಮ್ಮ ಹೆಲ್ಮೆಟ್ ಕಾನೂನಿಗಿಂತ ಸೌಮ್ಯ.

ಇನ್ನೊಂದು. ನಮಗೆ ರಾಜ್ಯ ಪಕ್ಷಿ ನೀಲಕಂಠ, ರಾಜ್ಯ ಪ್ರಾಣಿ ಆನೆ, ರಾಜ್ಯ ಮರ ಶ್ರೀಗಂಧ ಅಂತ ಇದಾವಲ್ಲ, ಅಲ್ಲಿ ಕೆಲವು ಕಡೆ ರಾಜ್ಯ ಬಂದೂಕು ಅಂತಲೇ ಇದೆ. ಯೂಟಾ 2011ರಲ್ಲಿ ಶುರು ಮಾಡ್ತು, ಬ್ರೌನಿಂಗ್ ಪಿಸ್ತೂಲು. ಟೆನೆಸಿಯದು 2016ರಿಂದ ಬ್ಯಾರೆಟ್ ರೈಫಲ್, ಮಿಲಿಟರಿಯವರು ಮೈಲಿಗಟ್ಟಲೆ ದೂರಕ್ಕೆ ಹೊಡೆಯೋದು. ಟೆಕ್ಸಾಸಿನದು ಕೋಲ್ಟ್ ವಾಕರ್. ಮಕ್ಕಳು ಸಾಮಾನ್ಯ ಜ್ಞಾನದ ಪರೀಕ್ಷೆಗೆ ಇದನ್ನೂ ಬಾಯಿಪಾಠ ಮಾಡ್ತಾವೇನೋ, ರಾಜ್ಯ ಹೂ, ರಾಜ್ಯ ಹಕ್ಕಿ, ಆ ಹಕ್ಕಿನ ಹೊಡೆಯೋಕೆ ರಾಜ್ಯ ಬಂದೂಕು.

ಭಾವನ ಶೀಟಲ್ಲಿ ಹಸಿರು ಟಿಕ್ ಬಿದ್ದಿರೋದು ಟೆಕ್ಸಾಸಿಗೆ. ಆಸ್ಟಿನ್ನಲ್ಲಿ ಅವರ ವಿಧಾನಸೌಧ ಇದೆಯಲ್ಲ, ಒಳಗೆ ಹೋಗೋಕೆ ಮೆಟಲ್ ಡಿಟೆಕ್ಟರ್ ಮುಂದೆ ಕ್ಯೂ. ಆದ್ರೆ ಗನ್ ಲೈಸೆನ್ಸ್ ಇದ್ರೆ ಬೇರೆ ಸಾಲು, ಕಾರ್ಡ್ ತೋರಿಸಿ ಸೀದಾ ಒಳಗೆ. ಓದಿದ್ದು ಸರಿಯಾಗೇ ಓದಿದೀರ. ಜೇಬಲ್ಲಿ ಬಾಚಣಿಗೆ ಇರೋನನ್ನ ನಿಲ್ಲಿಸಿ ತಡಕ್ತಾರೆ, ಸೊಂಟದಲ್ಲಿ ಪಿಸ್ತೂಲು ಇರೋನಿಗೆ ಗುಡ್ ಮಾರ್ನಿಂಗ್ ಸರ್. ಕ್ಯೂ ತಪ್ಪಿಸ್ಕೊಳ್ಳೋಕೇ ಲೈಸೆನ್ಸ್ ಮಾಡ್ಸಿದೋರೂ ಇದಾರಂತೆ, ನಮ್ಮಲ್ಲಿ ತಿರುಪತಿ ಸ್ಪೆಷಲ್ ದರ್ಶನದ ಟಿಕೆಟ್ ಇದ್ದಂಗೆ. 2021ರ ಸೆಪ್ಟೆಂಬರಿಂದ ರಸ್ತೇಲಿ ಪಿಸ್ತೂಲು ಇಟ್ಕೊಂಡು ಓಡಾಡೋಕೆ ಆ ಲೈಸೆನ್ಸೂ ಬೇಡ.

ಹೋಟೆಲಿನೋನು ಒಳಗೆ ಗನ್ ತರಬೇಡಿ ಅನ್ನಬಹುದು, ಅವನ ಹಕ್ಕು, ಆದ್ರೆ ಬಾಯಲ್ಲಿ ಹೇಳಬೇಕು ಇಲ್ಲಾ ಬೋರ್ಡ್ ಹಾಕಬೇಕು. ಬೋರ್ಡ್ ಅಂದ್ರೆ ಹೆಂಗೆಂಗೋ ಹಾಕೋ ಹಾಗಿಲ್ಲ. ಕಾನೂನಲ್ಲಿರೋ ಅದೇ ವಾಕ್ಯ, ಇಂಗ್ಲಿಷಲ್ಲೂ ಸ್ಪ್ಯಾನಿಷಲ್ಲೂ, ಅಕ್ಷರ ಒಂದಿಂಚಿಗೆ ಕಮ್ಮಿ ಇರಬಾರದು, ಬಣ್ಣ ಎದ್ದು ಕಾಣಬೇಕು. ಲೈಸೆನ್ಸ್ ಇರೋರಲ್ಲಿ ಬಚ್ಚಿಟ್ಟು ತರೋರಿಗೆ 30.06 ನಂಬರಿನ ಬೋರ್ಡ್, ತೋರಿಸ್ಕೊಂಡು ತರೋರಿಗೆ 30.07. ಬಾಗಿಲಲ್ಲಿ ಇವೆರಡೂ ಅಂಟಿಸಿದ ಮೇಲೆ ಮೆನು ಹಾಕೋಕೆ ಜಾಗ ಎಲ್ಲಿ? ನಮ್ಮೂರಲ್ಲಿ ಬೋರ್ಡಲ್ಲಿ ಕನ್ನಡ ಅರವತ್ತು ಪರ್ಸೆಂಟ್ ಇರಲಿ ಅಂದಿದ್ದಕ್ಕೆ ಎಷ್ಟು ಗಲಾಟೆ ಆಯ್ತು, ಅಲ್ಲಿ ಗುಂಡಿಗೆ ಎರಡು ಭಾಷೆಲಿ ಮರ್ಯಾದೆ.

ಯೂನಿವರ್ಸಿಟಿ ಕತೆ ಕೇಳಿ. 1966ರ ಆಗಸ್ಟ್ 1ನೇ ತಾರೀಕು ಆಸ್ಟಿನ್ ಯೂನಿವರ್ಸಿಟಿಯ ಗೋಪುರ ಹತ್ತಿ ಒಬ್ಬ ಕೆಳಗಿದ್ದೋರ ಮೇಲೆಲ್ಲ ಗುಂಡು ಹಾರಿಸಿದ್ದ. ಕ್ಯಾಂಪಸ್ ಒಳಗೆ ಲೈಸೆನ್ಸ್ ಇರೋರು ಗನ್ ತರಬಹುದು ಅನ್ನೋ ಕಾನೂನು ಜಾರಿಗೆ ಬಂದಿದ್ದು ಯಾವತ್ತು ಗೊತ್ತಾ, 2016ರ ಆಗಸ್ಟ್ 1. ಸರಿಯಾಗಿ ಐವತ್ತು ವರ್ಷ. ಸುವರ್ಣ ಮಹೋತ್ಸವ. ಅಲ್ಲಿನ ಹುಡುಗ ಹುಡುಗೀರು ಅದಕ್ಕೆ ಪ್ರತಿಭಟನೆ ಮಾಡಿದ್ದು ಹೆಂಗಂದ್ರೆ, ದೊಡ್ಡೋರ ಒಂದು ರಬ್ಬರ್ ಆಟಿಕೆನ ಬ್ಯಾಗಿಗೆ ಕಟ್ಕೊಂಡು ಕ್ಲಾಸಿಗೆ ಹೋದ್ರು, ಹೆಸರು ನಾನು ಬರೆಯಲ್ಲ, ನಮ್ಮಮ್ಮ ಓದ್ತಾರೆ. ಅದನ್ನ ಎಲ್ರಿಗೂ ಕಾಣೋ ಹಂಗೆ ಇಟ್ಕೊಂಡ್ರೆ ಅಶ್ಲೀಲ, ನಿಯಮಕ್ಕೆ ವಿರುದ್ಧ. ಬ್ಯಾಗೊಳಗೆ ಬಚ್ಚಿಟ್ಟ ಪಿಸ್ತೂಲು ಪರವಾಗಿಲ್ಲ.

ಈಗ ನನ್ನ ಫೇವರಿಟ್ ವಿಷ್ಯಕ್ಕೆ ಬರ್ತೀನಿ, ಇದು ಭಾವನ ಆಫೀಸಿನ ಟೆಕ್ಸಾಸ್ ಬ್ರಾಂಚಿನ ಒಬ್ಬರದ್ದು. ಎಚ್1ಬಿ ವೀಸಾದಲ್ಲಿ ಇರೋರು ಅಮೆರಿಕದಲ್ಲಿ ಗನ್ ಇಟ್ಕೊಳ್ಳೋ ಹಾಗಿಲ್ಲ, ಕೇಂದ್ರದ ಕಾನೂನು. ಆದ್ರೆ ಒಂದು ಕಿಟಕಿ ತೆಗೆದಿಟ್ಟಿದಾರೆ: ಯಾವುದಾದ್ರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ರೆ ತಗೋಬಹುದು. ಬೇಟೆ ಆಡ್ಲೇಬೇಕು ಅಂತಿಲ್ಲ, ಲೈಸೆನ್ಸ್ ಇದ್ರೆ ಸಾಕು. ಟೆಕ್ಸಾಸಲ್ಲಿ ಅಲ್ಲೇ ಇರೋರಿಗೆ ಅದಕ್ಕೆ 25 ಡಾಲರ್. ಸರಿ, ಈ ಮನುಷ್ಯ ಕೋಳಿಮೊಟ್ಟೆ ಇದೆ ಅಂತ ಕೇಕ್ ತಿನ್ನಲ್ಲ, ಚೌತಿ ದಿನ ಚಂದ್ರನ್ನ ನೋಡಲ್ಲ, ಏಕಾದಶಿ ಉಪವಾಸ, ಅಂಥೋರು ಆನ್‌ಲೈನಲ್ಲಿ ಕೂತು ಜಿಂಕೆ ಹೊಡೆಯೋ ಲೈಸೆನ್ಸ್ ತಗೊಂಡ್ರು. ಅದರಲ್ಲಿ ಜಿಂಕೆಗೆ, ಟರ್ಕಿ ಕೋಳಿಗೆ ಅಂತ ಟ್ಯಾಗ್ ಬರುತ್ತೆ, ಹೊಡೆದ ಪ್ರಾಣಿಗೆ ಕಟ್ಟೋಕೆ. ಆ ಟ್ಯಾಗನ್ನ ಅವರ ಹೆಂಡತಿ ಏನೋ ಕೂಪನ್ ಅಂದ್ಕೊಂಡು ಫ್ರಿಜ್ ಮೇಲೆ ಮ್ಯಾಗ್ನೆಟ್ಟಲ್ಲಿ ಸಿಕ್ಕಿಸಿದಾರೆ, ಪಕ್ಕದಲ್ಲೇ ರಾಯರ ಮಠದ ಕ್ಯಾಲೆಂಡರ್. ಸತ್ಯನಾರಾಯಣ ಪೂಜೆಗೆ ಬಂದೋರೆಲ್ಲ ಸಪಾದ ತಿಂದ್ಕೊಂಡು ಅದನ್ನ ಓದ್ತಾ ನಿಂತಿದ್ರಂತೆ. ದೇಶದೊಳಗೆ ಕೆಲಸ ಮಾಡೋಕೆ ಲಾಟರಿ ಹೊಡೀಬೇಕು, ಗ್ರೀನ್ ಕಾರ್ಡಿಗೆ ಒಂದು ಜನ್ಮ ಕಾಯಬೇಕು, ಬಂದೂಕಿಗೆ ಮಾತ್ರ ಜಿಂಕೆ ಸಾಕ್ಷಿ ಹೇಳಿದ್ರೆ ಸಾಕು.

ಜನ ಮಾತ್ರ ಊರು ಬಿಡ್ತಾರೆ ಅನ್ಕೋಬೇಡಿ, ಗನ್ ಮಾಡೋ ಕಂಪನಿಗಳೂ ಗುಳೆ ಹೊರಟಿದಾವೆ. ಸ್ಮಿತ್ ಅಂಡ್ ವೆಸನ್ ಮೆಸಾಚುಸೆಟ್ಸ್ ಬಿಟ್ಟು ಟೆನೆಸಿಗೆ ಮುಖ್ಯ ಕಚೇರಿ ಎತ್ಕೊಂಡು ಹೋಯ್ತು, ಬೆರೆಟ್ಟಾ ಅದಕ್ಕೂ ಮುಂಚೆ ಗನ್ ಮಾಡೋ ಕಾರ್ಖಾನೇನ ಮೇರಿಲ್ಯಾಂಡಿಂದ ಅಲ್ಲಿಗೇ ಸಾಗಿಸಿತ್ತು. ಗನ್ ಇಟ್ಕೊಳ್ಳೋರ ಪರ ವಾದ ಮಾಡೋ ಎನ್‌ಆರ್‌ಎ ಸಂಘ ಅಂತೂ ನ್ಯೂಯಾರ್ಕ್ ನೋಂದಣಿ ಬಿಟ್ಟು ಟೆಕ್ಸಾಸಿಗೆ ಹೋಗ್ತೀನಿ ಅಂತ 2021ರಲ್ಲಿ ದಿವಾಳಿ ಅರ್ಜಿ ಹಾಕ್ತು, ಕೈಯಲ್ಲಿ ದುಡ್ಡಿದ್ರೂ. ಜಡ್ಜು ಇದು ಪ್ರಾಮಾಣಿಕ ಅರ್ಜಿ ಅಲ್ಲ ಅಂತ ಎತ್ತಿ ಆಚೆ ಹಾಕಿದ್ರು.

ರಾಜ್ಯದ ಗಡಿ ಅಂದ್ರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬೆಂಗಳೂರಲ್ಲಿ ಓಡೋ ಎಷ್ಟು ದುಬಾರಿ ಕಾರಿಗೆ ಪುದುಚೇರಿ ನಂಬರ್ ಇರ್ತಿತ್ತು, ಗೋವಾದ ಬಾಟಲಿ ಮಾಜಾಳಿ ಚೆಕ್‌ಪೋಸ್ಟ್ ದಾಟೋಕೆ ಏನೇನು ವೇಷ ಹಾಕುತ್ತೆ, ಎಲ್ಲಾ ನೋಡಿದೀವಿ. ಅಲ್ಲೂ ಅದೇ. ಶಿಕಾಗೋದಲ್ಲಿ ಕಾನೂನು ಬಿಗಿ, ಪೊಲೀಸರು ಹಿಡಿದ ಗನ್ನುಗಳಲ್ಲಿ ಎಷ್ಟೋ ಪಕ್ಕದ ಇಂಡಿಯಾನಾದಿಂದ ಬಂದಿದ್ದು. ಬಾಟಲಿ ತಂದೋನು ತಾನು ಕುಡ್ದು ತಾನೇ ಬೀಳ್ತಾನೆ ಅನ್ನೋದಷ್ಟೇ ವ್ಯತ್ಯಾಸ. ಕಾನೂನು ಪಾಲಿಸೋರಿಗೆ ಆ ಗಡಿ ಬೇರೆ ಥರ ಕಚ್ಚುತ್ತೆ. 2013ರಲ್ಲಿ ಫಿಲಡೆಲ್ಫಿಯಾದ ಒಬ್ಬ ತಾಯಿ, ಪೆನ್ಸಿಲ್ವೇನಿಯಾ ಪರ್ಮಿಟ್ ಇದ್ದೋಳು, ಸೇತುವೆ ದಾಟಿ ನ್ಯೂಜೆರ್ಸಿಗೆ ಬಂದ್ಲು, ಪೊಲೀಸ್ ಕಾರು ನಿಲ್ಲಿಸಿದಾಗ ತಾನಾಗೇ ಗನ್ ಇದೆ ಅಂದ್ಲು, ಅರೆಸ್ಟು. ಜೈಲು ಗ್ಯಾರಂಟಿ ಅನ್ನೋ ಸ್ಥಿತಿ, ಕೊನೆಗೆ 2015ರಲ್ಲಿ ಗವರ್ನರ್ ಕ್ಷಮಾದಾನ ಕೊಟ್ರು. ನದಿಯ ಆ ದಡದಲ್ಲಿ ಸಂವಿಧಾನದ ಹಕ್ಕು, ಈ ದಡದಲ್ಲಿ ಕ್ರಿಮಿನಲ್ ಕೇಸು. ಸಂವಿಧಾನ ಅಂದಿದ್ದಕ್ಕೆ ನೆನಪಾಯ್ತು, ಇಷ್ಟೆಲ್ಲ ಆಗ್ತಿರೋದು ಜನ ಆಯುಧ ಇಟ್ಕೊಳ್ಳೋ ಹಕ್ಕಿನ ಬಗ್ಗೆ ಅವರ ಸಂವಿಧಾನದಲ್ಲಿರೋ 1791ರ ಒಂದು ವಾಕ್ಯಕ್ಕೆ, ಇಂಗ್ಲಿಷಲ್ಲಿ 27 ಪದ, ಅದರ ಕಾಮಾ ಎಲ್ಲಿ ಬರಬೇಕು ಅಂತ ದೊಡ್ಡ ದೊಡ್ಡ ವಕೀಲರು ಇವತ್ತಿಗೂ ಜಗಳ ಆಡ್ತಾರೆ. ನಮ್ಮ ಹೈಸ್ಕೂಲಿನ ವ್ಯಾಕರಣದ ಮೇಷ್ಟ್ರು ಇದ್ದಿದ್ರೆ ಇಬ್ಬರಿಗೂ ಬೆಂಚ್ ಮೇಲೆ ನಿಲ್ಲಿಸಿರೋರು.

ಇಷ್ಟು ಹೊತ್ತು ನಗಾಡ್ಕೊಂಡೇ ಬರೀತಿದ್ದೆ. ಭಾವನ ಶೀಟಲ್ಲಿ ಟೆಕ್ಸಾಸ್ ಸಾಲಿನ ಮುಂದೆ ರಿಮಾರ್ಕ್ಸ್ ಅಂತ ಒಂದು ಖಾನೆ, ಅದರಲ್ಲಿ "ಸೇಫ್, ಎಲ್ಲರ ಹತ್ರನೂ ಇರುತ್ತೆ" ಅಂತ ಟೈಪ್ ಮಾಡಿದಾರೆ. ಭಾವ, ಯುವಾಲ್ಡಿ ಎಲ್ಲಿದೆ? ಟೆಕ್ಸಾಸಲ್ಲೇ ಅಲ್ವಾ? 2022ರ ಮೇ 24, ಹದಿನೆಂಟು ತುಂಬಿ ವಾರ ಕಳೆದಿರೋ ಹುಡುಗ, ಆ ವಾರದೊಳಗೇ ಅಂಗಡಿಗೆ ಹೋಗಿ ಕಾನೂನು ಪ್ರಕಾರ ರೈಫಲ್ ತಗೊಂಡಿದ್ದ. ಅವನಿಗೆ ಬಿಯರ್ ಬೇಕು ಅಂದಿದ್ರೆ ಇನ್ನೂ ಮೂರು ವರ್ಷ ಕಾಯಪ್ಪಾ ಅಂತಿದ್ರು. ಅದನ್ನ ಹಿಡ್ಕೊಂಡು ಅಲ್ಲಿನ ಸ್ಕೂಲಿನ ಕ್ಲಾಸ್ ರೂಮಿಗೆ ನುಗ್ಗಿದ. ಸತ್ತೋರು ಹತ್ತೊಂಬತ್ತು ಮಕ್ಕಳು, ಇಬ್ಬರು ಟೀಚರ್‌ಗಳು. ಗನ್ ಇರೋ ಕೆಟ್ಟೋನನ್ನ ತಡೆಯೋಕೆ ಗನ್ ಇರೋ ಒಳ್ಳೇ ಮನುಷ್ಯ ಬೇಕು ಅಂತಾರಲ್ಲ, ಅಂಥೋರು ಎಷ್ಟು ಜನ ಬಂದಿದ್ರು ಗೊತ್ತಾ, 376. ಅಷ್ಟೂ ಜನ ಪೊಲೀಸರು. 77 ನಿಮಿಷ ಆ ರೂಮಿನ ಬಾಗಿಲು ತೆಗೀಲಿಲ್ಲ, ಒಳಗಿಂದ ಮಕ್ಕಳು ಫೋನ್ ಮಾಡ್ತಾ ಇದ್ರು. ಇದಕ್ಕೆ ವಿಡಂಬನೆ ಏನು ಬರೆಯೋದು. 2023ನೇ ಇಸವಿ ಒಂದರಲ್ಲೇ ಆ ದೇಶದಲ್ಲಿ ಗುಂಡಿಗೆ ಸತ್ತೋರು 46,728, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತಮ್ಮ ಮನೆಯ ಗನ್ನೋ ಇನ್ನೊಂದೋ ಹಿಡಿದು ತಮಗೆ ತಾವೇ ಹೊಡ್ಕೊಂಡೋರು, ಕಳ್ಳ ಬಂದಿರಲೇ ಇಲ್ಲ. ಪ್ರತಿ ಸಲ ಅದೇ ಹೂಗುಚ್ಛ, ಅದೇ ಮೇಣದಬತ್ತಿ, ಅದೇ ಪ್ರಾರ್ಥನೆ, ಆಮೇಲೆ ಇನ್ನೊಂದು ರಾಜ್ಯ ಇನ್ನೊಂದು ಚೂರು ಸಡಿಲ. ಸುಸ್ತಾಗುತ್ತೆ ಕಣ್ರೀ. ದೂರ ಕೂತು ಓದೋ ನನಗೇ ಸುಸ್ತಾಗುತ್ತೆ.

ಅಕ್ಕನ ಕಡೆ ಸಾರ್ಟ್ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ ಅಂತಾನೂ ಇಲ್ಲ. ಅವಳು ಬಿಡಲ್ಲ ಅಂತಿರೋ ನ್ಯೂಜೆರ್ಸಿಗೆ ಗಿಫರ್ಡ್ಸ್‌ನೋರ ಎ ಗ್ರೇಡು, ಗನ್ ಬೇಕಂದ್ರೆ ಪೊಲೀಸ್ ಸ್ಟೇಷನ್ ಅರ್ಜಿ, ಬೆರಳಚ್ಚು, ಗುರುತಿರೋರ ಹೆಸರು, ಎಲ್ಲಾ ಬೇಕು. ಅಂಥಾ ಕಡೇನೂ ಸ್ಕೂಲಲ್ಲಿ ತಿಂಗಳಿಗೊಂದು ಸೆಕ್ಯೂರಿಟಿ ಡ್ರಿಲ್ ಕಡ್ಡಾಯ.

ಇದು ನನಗೆ ಗೊತ್ತಾಗಿದ್ದು ಶೂಯಿಂದ. ಮುಂದಿನ ತಿಂಗಳು ಅಮ್ಮ ಅಲ್ಲಿಗೆ ಹೋಗ್ತಿದಾರೆ, ಸೂಟ್‌ಕೇಸಲ್ಲಿ ಚಕ್ಲಿ, ಸಾರಿನಪುಡಿ, ಹುಣಸೆಹಣ್ಣಿನ ಜೊತೆ ಅಕ್ಕನ ಮಗಳು ಪುಟ್ಟಿಗೆ ಅಂತ ಗಾಂಧಿಬಜಾರಲ್ಲಿ ಒಂದು ಜೊತೆ ಶೂ ತಂದಿದ್ದೆ. ನೇರಳೆ ಬಣ್ಣ, ಹೆಜ್ಜೆ ಇಟ್ರೆ ಹಿಮ್ಮಡೀಲಿ ಕೆಂಪು ನೀಲಿ ಲೈಟು ಮಿನುಗೋದು. ಅವಳಿಗಿನ್ನೂ ಆರು ವರ್ಷ. ವಿಡಿಯೋ ಕಾಲಲ್ಲಿ ತೋರಿಸಿದೆ, ಅಕ್ಕ "ಚೆನ್ನಾಗಿದೆ ಕಣೋ, ಆದ್ರೆ ಸ್ಕೂಲಿಗೆ ಆಗಲ್ಲ" ಅಂದ್ಲು. ಯೂನಿಫಾರಂ ಇರಬೇಕು ಅಂದ್ಕೊಂಡೆ. ಯೂನಿಫಾರಂ ಏನಿಲ್ವಂತೆ. ಡ್ರಿಲ್ ಮಾಡೋವಾಗ ಲೈಟ್ ಆಫ್ ಮಾಡಿ, ಬಾಗಿಲು ಹಾಕಿ, ಮಕ್ಕಳನ್ನೆಲ್ಲ ಮೂಲೇಲಿ ಗೋಡೆಗೆ ಒತ್ತಿ ಕೂರಿಸ್ತಾರೆ, ಯಾರೂ ಉಸಿರೆತ್ತೋ ಹಾಗಿಲ್ಲ, ಕಾಲು ಅಲ್ಲಾಡಿದ್ರೆ ಶೂ ಹತ್ತುತ್ತೆ. ಪುಟ್ಟಿ ಅಲ್ಲೇ ಕೂತು ಬಿಸ್ಕತ್ ತಿಂತಿದ್ಲು, "ಮಾಮಾ, ಬ್ಯಾಡ್ ಮ್ಯಾನ್‌ಗೆ ಕಾಣ್ಸುತ್ತೆ" ಅಂದ್ಲು, ಮಳೆ ಬಂದ್ರೆ ನೆನೆಯುತ್ತೆ ಅನ್ನೋ ಹಂಗೆ.

ಬೆಳಿಗ್ಗೆ ಶೂ ವಾಪಸ್ ತಗೊಂಡು ಹೋದೆ. ಅಂಗಡಿಯೋನು ಡಬ್ಬ ತೆಗೆದು, ಶೂನ ಕೌಂಟರ್ ಮೇಲೆ ಎರಡು ಸಲ ಕುಟ್ಟಿ ನೋಡಿದ. ಮಿನುಗ್ತು.

"ಯಾಕ್ ಸಾರ್, ಲೈಟ್ ಹತ್ತುತ್ತಲ್ಲ?"

ಹತ್ತುತ್ತೆ ಅಂದೆ. ದುಡ್ಡು ವಾಪಸ್ ಕೊಡಲ್ಲ, ಬೇಕಿದ್ರೆ ಎಕ್ಸ್‌ಚೇಂಜ್ ಅಂದ. ಹಂಗಾದ್ರೆ ಇದೇ ಸೈಜಲ್ಲಿ ಲೈಟ್ ಇಲ್ಲದ್ದು ಕೊಡಿ ಅಂದೆ.