ಡಬ್ಬಿಯ ಮೇಲಿನ 5000 ವ್ಯಾಟ್

ಓಣಿಯ ಭಜನಾ ಮೇಳಕ್ಕೆ ಧ್ವನಿವರ್ಧಕ ಕೊಳ್ಳಲು ಮನೆಮನೆ ತಿರುಗಿ ಕೂಡಿಸಿದ್ದು 12 ಸಾವಿರ ರೂಪಾಯಿ. ಕಲಬುರಗಿಯ ಅಂಗಡಿಗಳನ್ನೆಲ್ಲ ಅಲೆದರೆ ಡಬ್ಬಿಗಳ ಮೇಲೆ ಒಂದೇ ಘೋಷಣೆ: 5000 ವ್ಯಾಟ್! ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಪಿಎಂಪಿಒ. ಅದು ಮಾರಾಟಕ್ಕಾಗಿ ಉಬ್ಬಿಸಿದ ಅಂಕಿ. ಸತತವಾಗಿ ತಾಳುವ ಆರ್‌ಎಂಎಸ್ ವ್ಯಾಟ್ ಎಷ್ಟೆಂದು ಕೇಳಿದರೆ, ‘ಬಹಳ ಜೋರಾಗಿ ಕೇಳುತ್ತದೆ, ಒಯ್ಯಿರಿ ಅಣ್ಣಾ’ ಎನ್ನುತ್ತಾರೆ.

ಸೆನ್ಸಿಟಿವಿಟಿಯ, ಅಂದರೆ ಕೊಟ್ಟ ವ್ಯಾಟಿಗೆ ಸ್ಪೀಕರ್ ಎಷ್ಟು ಸದ್ದು ಮಾಡುತ್ತದೆ ಎಂಬುದರ, ಮಾತೆತ್ತಿದರಂತೂ ಮುಖವನ್ನೇ ತಿರುಗಿಸುತ್ತಾರೆ. ಕೈಯಲ್ಲಿ ಹಣ ಕಡಿಮೆ ಇದ್ದವರಿಗೆ ಮೊದಲು ಬೇಕಾದ ಅಂಕಿಯೇ ಅದು! ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 91 ಡೆಸಿಬೆಲ್ ಕೊಡುವ ಸ್ಪೀಕರ್ 200 ವ್ಯಾಟ್ ನುಂಗಿ ಮಾಡುವ ಸದ್ದನ್ನು, 97 ಡೆಸಿಬೆಲ್‌ನದು 50 ವ್ಯಾಟಿನಲ್ಲೇ ಮಾಡುತ್ತದೆ. ಸಣ್ಣ ಆಂಪ್ಲಿಫೈಯರ್ ಸಾಕಾಗಿ ಉಳಿದ ಹಣಕ್ಕೆ ಒಂದು ಒಳ್ಳೆಯ ಮೈಕ್ ಬರುತ್ತದೆ.

ನಾವೇ ಪ್ಲೈವುಡ್ ಪೆಟ್ಟಿಗೆ ಕಟ್ಟಿಸೋಣವೆಂದರೆ, 12 ಇಂಚಿನ ಬಿಡಿ ಸ್ಪೀಕರಿನ ಜೊತೆ ವಿವರದ ಚೀಟಿಯೇ ಇಲ್ಲ. ಒಳಗೆ ಎಷ್ಟು ಲೀಟರ್ ಗಾಳಿ ಇರಬೇಕೆಂದು ಬಡಿಗನಿಗೆ ಏನು ಹೇಳುವುದು?

ನಮಗೆ ಎದೆ ನಡುಗಿಸುವ ಡಿಜೆ ಬೇಕಿಲ್ಲ. ಮುತ್ಯಾ ಹಾಡುವ ಕಡಕೋಳ ಮಡಿವಾಳಪ್ಪನವರ ತತ್ವಪದದ ಒಂದೊಂದು ಮಾತೂ ಕಟ್ಟೆಯ ತುದಿಗೆ ಕುಳಿತವರಿಗೆ ಬಿಡಿಸಿ ಕೇಳಬೇಕು. ಅಷ್ಟಕ್ಕೆ ಬೇಕಾದ ಎರಡು ನಿಜವಾದ ಅಂಕಿಗಳನ್ನು ಡಬ್ಬಿಯ ಮೇಲೆ ಅಚ್ಚು ಹಾಕಲು ಇವರಿಗೆ ಏನು ಕಷ್ಟ?