ಕೂಗಿದವರೆಲ್ಲ ಸಂವಿಧಾನ ತಜ್ಞರಾ?

ನಿನ್ನೆ ರಾತ್ರಿ ಟಿವಿಯಲ್ಲಿ ಒಬ್ಬ 'ಸಂವಿಧಾನ ತಜ್ಞ'ರನ್ನು ಕೂರಿಸಿದ್ದರು. ಸಂವಿಧಾನದ ಮೂಲ ಸ್ವರೂಪ, ಮೂಲ ಸ್ವರೂಪ ಅಂತ ಮೇಜು ಕುಟ್ಟಿದ್ದೇ ಕುಟ್ಟಿದ್ದು. ಅದು ಏನು ಅಂತ ಮಾತ್ರ ಹೇಳಲಿಲ್ಲ. ಆ್ಯಂಕರ್ ಕೇಳಲೂ ಇಲ್ಲ. ಟೈಮ್ ಎಲ್ಲಿತ್ತು ಪಾಪ, ಅವರೂ ಕೂಗಬೇಕಿತ್ತಲ್ವಾ!

ನನಗೆ ವಕೀಲ ನಾನಿ ಪಾಲ್ಖಿವಾಲಾ ಅವರ ಹುಚ್ಚು. ಸಿಟ್ಟು ಜಾಸ್ತಿ ಬಂದಿದ್ದೂ ಅದಕ್ಕೇ. ಚಿಕ್ಕಂದಿನಲ್ಲಿ ತೊದಲುತ್ತಿದ್ದ ಮನುಷ್ಯ. 1958ರಲ್ಲಿ ಮುಂಬೈಯ ಒಂದು ಹೋಟೆಲಿನ ಹಾಲ್‌ನಲ್ಲಿ ಬಜೆಟ್ ಬಗ್ಗೆ ಮಾತಾಡಲು ಶುರು ಮಾಡಿದರು. ಜನ ಹೆಚ್ಚಿ ಹೆಚ್ಚಿ ಕೊನೆಗೆ ಬ್ರೇಬೋರ್ನ್ ಸ್ಟೇಡಿಯಂಗೇ ಹೋಗಬೇಕಾಯಿತು. ಕೈಯಲ್ಲಿ ಒಂದು ಚೀಟಿ ಇಲ್ಲ, ಲೆಕ್ಕವೆಲ್ಲ ಬಾಯಲ್ಲೇ. ತೆರಿಗೆ ವಿಷಯ ಕೇಳಲು ಕ್ರಿಕೆಟ್ ಮೈದಾನ ತುಂಬುತ್ತಿತ್ತು ಮಾರಾಯ್ರೇ! ಮೇಜು ಕುಟ್ಟದೆ.

ಮೂಲ ಸ್ವರೂಪದ ಕೇಸು ಹುಟ್ಟಿದ್ದೇ ಕನ್ನಡದ ಮಠವೊಂದರಿಂದ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಮಠದ ಜಮೀನಿಗಾಗಿ ಕೋರ್ಟಿಗೆ ಹೋದರು. ಪಾಲ್ಖಿವಾಲಾ ಅದನ್ನು ಎತ್ತಿಕೊಂಡು, ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದು, ಅದರ ಜೀವ, ಅಂದರೆ ಮೂಲ ಸ್ವರೂಪ, ತೆಗೆಯುವ ಹಾಗಿಲ್ಲ ಅಂತ ವಾದಿಸಿದರು. 68 ದಿನ ವಿಚಾರಣೆ, 13 ಜಡ್ಜ್‌ಗಳು. 1973ರ ಏಪ್ರಿಲ್ 24ರಂದು 7-6ರಲ್ಲಿ ಆ ಮಾತು ನಿಂತಿತು. ಒಂದೇ ಒಂದು ವೋಟು! ಸ್ವಾಮೀಜಿಗೆ ಜಮೀನು ಉಳಿಯಲಿಲ್ಲ, ಅದು ಬೇರೆ ಮಾತು. ನೋಡಿ, ಇಷ್ಟು ಹೇಳಲು ಎಷ್ಟು ಹೊತ್ತಾಯಿತು?

'ಅವರು ರಾಜರ, ಬ್ಯಾಂಕ್ ಷೇರುದಾರರ ವಕೀಲ' ಅನ್ನುವವರಿದ್ದಾರೆ. ನಿಜವೇ. 1970ರಲ್ಲಿ ಬ್ಯಾಂಕ್ ರಾಷ್ಟ್ರೀಕರಣದ ಕಾಯ್ದೆಯ ವಿರುದ್ಧ ವಾದಿಸಿ ಗೆದ್ದರು. ಸರ್ಕಾರ ಹಿಂದೆಯೇ ಹೊಸ ಕಾನೂನು ತಂದಿತು. ನಿಜ ಹೇಳಲಾ? ಆ ಕೇಸಿನಲ್ಲಿ ನಾನು ಅವರ ಪರ ಇಲ್ಲ. ನಮ್ಮಪ್ಪನಿಗೆ ಎಮ್ಮೆ ಸಾಲ ಸಿಕ್ಕಿದ್ದು ರಾಷ್ಟ್ರೀಕರಣ ಆದ ಮೇಲೆ. ಆದರೂ ಅವರ ವಾದ ನನಗೆ ಅರ್ಥವಾಗುತ್ತದೆ, ಎದುರು ನಿಂತು ಜಗಳ ಆಡಬಹುದು. ನಿನ್ನೆಯವರ ಜೊತೆ ಯಾವುದರ ಮೇಲೆ ಜಗಳ ಆಡಲಿ?

ಇನ್ನು ಬರೀ ಶ್ರೀಮಂತರ ಪರ ಅನ್ನುವುದಾದರೆ ಇದನ್ನೂ ಕೇಳಿ. 1975ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ಚುನಾವಣೆ ರದ್ದಾದ ಕೇಸಿನಲ್ಲಿ ಅವರ ಪರ ನಿಂತವರು ಇವರೇ. ತುರ್ತು ಪರಿಸ್ಥಿತಿ ಬಂದ ಕೂಡಲೇ ಪ್ರಧಾನಿಯ ಕೇಸು ವಾಪಸ್ ಕೊಟ್ಟರು. ಅದೇ ನವೆಂಬರಿನಲ್ಲಿ ಕೇಶವಾನಂದ ತೀರ್ಪನ್ನೇ ಮರುಪರಿಶೀಲಿಸಲು 13 ಜಡ್ಜ್‌ಗಳು ಮತ್ತೆ ಕೂತರು. ಪಾಲ್ಖಿವಾಲಾ ಎದುರು ವಾದಿಸಿದರು. ಎರಡು ದಿನ ಕೇಳಿದ ಮೇಲೆ ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ ಪೀಠವನ್ನೇ ವಿಸರ್ಜಿಸಿಬಿಟ್ಟರು.

ಕಾಮೆಂಟಿನಲ್ಲಿ 'ಅವರು ಟಾಟಾ ಕಂಪನಿಯವರು' ಅಂತ ಶುರು ಮಾಡುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಹೌದು, ಅಲ್ಲಿ ಡೈರೆಕ್ಟರ್ ಆಗಿದ್ದರು. ಮುಂದೆ?